ಚೋರ್ಲಾ ಘಟ್ಟದ ಕೆಳಗೊಂದು ಗೇರುಭಟ್ಟಿ



ಕಳೆದ ಸಂಚಿಕೆಯ ಹಿಂಬದಿಯ ಪುಟದಲ್ಲಿ ‘ಏಪ್ರಿಲ್ ಕೊನೆಯ ವಾರ ಗೋವೆಯ ಸತ್ತರಿ ತಾಲೂಕಿಗೆ ಅಧ್ಯಯನ ಪ್ರವಾಸ, ಗೇರುಹಣ್ಣಿನ ಭಟ್ಟಿಗೆ ಭೇಟಿ’ ಎಂದು ಎರಡು ಸಾಲು ಅಚ್ಚಾಗಿತ್ತು. ಅದಕ್ಕೆ ಬಂದಷ್ಟು ಪತ್ರಗಳು ಇತ್ತೀಚಿನ ಯಾವ ಲೇಖನಕ್ಕೂ ಬಂದಿಲ್ಲ. ಹೆಚ್ಚಿನವು ಕುತೂಹಲದವು, ಕೆಲವು ತಮಾಷೆಯವು. ಒಂದು ಪತ್ರ ಮಾತ್ರ ಮೇಜಿನ ಮೇಲೆ ಹಾಗೆಯೇ ಉಳಿದಿದೆ. ತೊಂಬತ್ತರ ದಶಕದಲ್ಲಿ ತಮ್ಮೂರಿನ ಸಾರಾಯಿ ಅಂಗಡಿಯ ಮುಂದೆ ದಿನಗಟ್ಟಲೆ ಧರಣಿ ಕುಳಿತಿದ್ದ ತಾಯಿಯೊಬ್ಬರು ಬರೆದದ್ದು. ‘ಅಂದು ನಮ್ಮನ್ನು ಅಂಗಡಿಯ ಬಾಗಿಲಲ್ಲಿ ಕೂರಿಸಿದ ಬಳಗವೇ ಇಂದು ಮಕ್ಕಳನ್ನು ಭಟ್ಟಿಯ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆಯೆ? ನಿಮಗೆ ನೋಡಲು ಬೇರೇನೂ ಸಿಗಲಿಲ್ಲವೆ?’

ಈ ಸಂಪಾದಕೀಯ ಆ ತಾಯಿಗೆ ಬರೆದ ಉತ್ತರ. ಉತ್ತರ ಪೂರ್ತಿಯಾಗಿದೆಯೆಂಬ ಭರವಸೆ ನಮಗಿಲ್ಲ.

ನಾವು ಹೊರಟದ್ದು ಒಂದು ಸಣ್ಣ ಸಂಕಟದಿಂದ. ಘಟ್ಟದ ಕೆಳಗೂ ಮೇಲೂ ಬೇಸಿಗೆಯಲ್ಲಿ ಗೇರುಮರದ ಅಡಿಯಲ್ಲಿ ನಡೆದವರಿಗೆ ಆ ವಾಸನೆ ಗೊತ್ತು: ಹುಳಿತ ಹಣ್ಣಿನ, ಮೂಗಿಗೆ ಅಡರುವ ವಾಸನೆ. ಬೀಜ ತಿರುಪಿ ಚೀಲಕ್ಕೆ ಹಾಕಿ, ಹಣ್ಣನ್ನು ಅಲ್ಲೇ ಎಸೆದು ಮುಂದೆ ಹೋಗುವುದು ನಮ್ಮ ರೂಢಿ. ಬೀಜಕ್ಕಿಂತ ಹಣ್ಣು ಆರೇಳು ಪಟ್ಟು ತೂಗುತ್ತದೆ, ಕೆಲವು ಜಾತಿಗಳಲ್ಲಿ ಅದಕ್ಕೂ ಹೆಚ್ಚು. ಅಂದರೆ ಒಂದು ಕ್ವಿಂಟಲ್ ಬೀಜ ಮನೆಗೆ ಬಂದಾಗ ಐದಾರು ಕ್ವಿಂಟಲ್ ಹಣ್ಣಾದರೂ ಬೇಣದಲ್ಲಿ ಕೊಳೆಯುತ್ತಿದೆ ಎಂದೇ ಲೆಕ್ಕ. ಕಾಡಿನಲ್ಲಿ ‘ವ್ಯರ್ಥ’ ಎಂಬ ಮಾತಿಗೆ ಅರ್ಥವಿಲ್ಲ, ನಿಜ. ಬಾವಲಿ, ಪುನುಗಿನ ಬೆಕ್ಕು, ಮಂಗ, ಇರುವೆ, ಕೊನೆಗೆ ಮಣ್ಣು, ಎಲ್ಲರಿಗೂ ಪಾಲಿದೆ. ಆದರೆ ಸಾಲಾಗಿ ನೆಟ್ಟ ನೆಡುತೋಪು ಕಾಡಲ್ಲ. ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ಸಿ ಜೀವಸತ್ವವಿರುವ ಹಣ್ಣನ್ನು ನಾವು ತುಳಿದುಕೊಂಡು ಹೋಗಿ, ಪೇಟೆಯಲ್ಲಿ ಬಣ್ಣದ ನೀರಿನ ಬಾಟಲಿ ಕೊಳ್ಳುತ್ತೇವಲ್ಲ ಎಂದು ಕಾಲೇಜಿನ ವಿದ್ಯಾರ್ಥಿಯೊಬ್ಬ ನಮ್ಮ ಸಭೆಯಲ್ಲಿ ಕೇಳಿದ. ಹಣ್ಣನ್ನು ಬಿಡದೆ ಬಳಸುವ ಜನ ಯಾರಾದರೂ ಇದ್ದಾರೆಯೆ ಎಂದು ಹುಡುಕಿದರೆ, ಸಿಕ್ಕಿದ್ದು ನೆರೆಯ ಗೋವೆ. ಅಲ್ಲಿ ಆ ಬಳಕೆಗೆ ಭಟ್ಟಿ ಎಂದೇ ಹೆಸರು.

ಹನ್ನೆರಡು ವಿದ್ಯಾರ್ಥಿಗಳು, ನಾಲ್ವರು ಹಿರಿಯರು. ಖಾನಾಪುರ ಬಿಟ್ಟು ಜಾಂಬೋಟಿ ದಾಟಿ ಕಣಕುಂಬಿಗೆ ಬಂದಾಗ ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಇಲ್ಲಿಯೇ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹೊರಡುತ್ತಾಳೆ. ಇದೇ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿಯಾಗುತ್ತಾಳೆ. ಕಳಸಾ ನಾಲೆಯ ಕಾಮಗಾರಿಯ ಮಣ್ಣಿನ ದಿಬ್ಬಗಳನ್ನು ಮಕ್ಕಳಿಗೆ ತೋರಿಸಿದೆವು. ಆ ವಿಷಯವನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ. ಚೋರ್ಲಾ ಘಟ್ಟ ಇಳಿದು ಕೇರಿ ಎಂಬ ಊರನ್ನು ಹಿಂದೆ ಹಾಕಿದ ಮೇಲೆ ಗುಡ್ಡದ ಬಣ್ಣವೇ ಬದಲಾಯಿತು. ಜಂಬಿಟ್ಟಿಗೆಯ ಕೆಂಪು, ಅದರ ಮೇಲೆ ಗೇರುಮರಗಳ ತಗ್ಗು ಚಪ್ಪರ, ಚಪ್ಪರದಲ್ಲಿ ಹಳದಿ ಮತ್ತು ಕೆಂಪು ಹಣ್ಣು. ಬಸ್ಸಿನ ಕಿಟಕಿಯಿಂದಲೇ ಆ ವಾಸನೆ ಒಳಗೆ ಬಂತು. ಆದರೆ ಇದು ಕೊಳೆತ ವಾಸನೆಯಲ್ಲ, ಹೊಗೆ ಬೆರೆತ ಸಿಹಿ.

ಭಟ್ಟಿ ಎಂದರೆ ದೊಡ್ಡ ಕಟ್ಟಡವನ್ನು ಕಲ್ಪಿಸಿಕೊಂಡಿದ್ದ ಮಕ್ಕಳಿಗೆ ನಿರಾಸೆಯಾಯಿತು. ತೋಟದ ಅಂಚಿನಲ್ಲಿ, ಹಳ್ಳದ ಪಕ್ಕ, ತೆಂಗಿನ ಗರಿ ಹೊದೆಸಿದ ಒಂದು ಚಪ್ಪರ. ಅಜ್ಜಿ, ಆಕೆಯ ಇಬ್ಬರು ಗಂಡುಮಕ್ಕಳು, ಸೊಸೆಯರು, ಹೈಸ್ಕೂಲಿನ ಒಬ್ಬ ಮೊಮ್ಮಗಳು. ಇಷ್ಟೇ ಅಲ್ಲಿನ ಕಾರ್ಮಿಕ ವರ್ಗ. ವರ್ಷದ ಎಂಟೊಂಬತ್ತು ತಿಂಗಳು ಅವರು ಭತ್ತ, ಅಡಿಕೆ, ತೆಂಗು ನೋಡಿಕೊಳ್ಳುವ ಸಾಮಾನ್ಯ ರೈತರು. ಫೆಬ್ರವರಿ ಕೊನೆಯಿಂದ ಮೇ ತಿಂಗಳವರೆಗೆ ಮಾತ್ರ ಭಟ್ಟಿಯವರು. ಅವರು ನಮ್ಮನ್ನು ಕೂರಿಸಿ ಮೊದಲು ಕೊಟ್ಟದ್ದು ಕೋಕಂ ಪಾನಕ. ನಮ್ಮ ಮುರುಗಲಿನ ಶರಬತ್ತೇ. ಅಂಕೋಲೆಯ ಕಡೆಯ ನಮ್ಮ ಹುಡುಗಿಯೊಬ್ಬಳು ಕೊಂಕಣಿಯಲ್ಲಿ ಮಾತು ತೆಗೆದ ಮೇಲೆ ಅಜ್ಜಿ ಆಕೆಯ ಕೈ ಬಿಡಲೇ ಇಲ್ಲ. ಮುಂದಿನ ಎಲ್ಲ ಮಾತೂ ಆ ಹುಡುಗಿಯ ಮೂಲಕ ನಮಗೆ ತಲುಪಿದ್ದು.

ಕೆಲಸದ ಕ್ರಮವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ವಿವರದಲ್ಲಿಯೇ ಅದರ ಮಾನವಿದೆ.

ಮೊದಲ ನಿಯಮ: ಮರದಿಂದ ಹಣ್ಣು ಕೀಳುವಂತಿಲ್ಲ. ಪೂರ್ತಿ ಕಳಿತು ತಾನಾಗಿ ಉದುರಿದ್ದನ್ನೇ ಆಯಬೇಕು. ಮೊಮ್ಮಗಳ ಕೈಯಲ್ಲಿ ತುದಿಗೆ ಮೊಳೆ ಸಿಕ್ಕಿಸಿದ ಒಂದು ಕೋಲಿತ್ತು. ಬಗ್ಗದೆ, ಹಣ್ಣನ್ನು ಚುಚ್ಚಿ ಬುಟ್ಟಿಗೆ ಹಾಕುತ್ತಾಳೆ. ಬೀಜವನ್ನು ತಿರುಪಿ ಬೇರೆ ಇಡುತ್ತಾರೆ. (ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ನೆನಪಿರಲಿ: ನಿಜವಾದ ಹಣ್ಣು ಆ ಬೀಜವೇ, ನಾವು ಹಣ್ಣೆನ್ನುವುದು ಉಬ್ಬಿದ ತೊಟ್ಟು.) ಆ ದಿನ ಬಿದ್ದದ್ದನ್ನು ಆ ದಿನವೇ ತುಳಿಯಬೇಕು, ಏಕೆಂದರೆ ಗೇರುಹಣ್ಣು ಒಂದು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ಈ ಒಂದು ಗುಣವೇ ಅದನ್ನು ಪೇಟೆಗೆ ಹೋಗದಂತೆ ಕಟ್ಟಿಹಾಕಿದ್ದು.

ಬಂಡೆಯಲ್ಲೇ ಕೊರೆದ, ಮೊಣಕಾಲಿನ ಆಳದ ತೊಟ್ಟಿಗೆ ಅವರು ಕೊಳಂಬಿ ಎನ್ನುತ್ತಾರೆ. ಹಣ್ಣನ್ನು ಅದರಲ್ಲಿ ಸುರಿದು, ಕಾಲು ತೊಳೆದುಕೊಂಡು, ಇಬ್ಬರು ತುಳಿಯುತ್ತಾರೆ. ರಸ ಒಂದು ಮೂಲೆಯ ತೂತಿನಿಂದ ಕೊಡಕ್ಕೆ ಇಳಿಯುತ್ತದೆ. ಉಳಿದ ಚರಟವನ್ನು ಗುಡ್ಡೆ ಮಾಡಿ, ಕಾಡಬಳ್ಳಿಯಿಂದ ಸುತ್ತಿ ಬಿಗಿದು, ಮೇಲೆ ಹಲಗೆ ಮತ್ತು ಭಾರದ ಕಲ್ಲು ಹೇರಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗಿನವರೆಗೆ ಅದರಿಂದ ಹನಿಹನಿಯಾಗಿ ಇಳಿಯುವ ತಿಳಿರಸವೇ ನೀರೊ. ಅದರಲ್ಲಿ ಮದ್ಯದ ಅಂಶ ಇರುವುದಿಲ್ಲ. ನಮ್ಮ ಮಕ್ಕಳೆಲ್ಲ ಕುಡಿದದ್ದು ಅದನ್ನೇ. ನಾಲಿಗೆ ಒಗರಾದರೂ ಎರಡನೆಯ ಲೋಟ ಕೇಳದವರಿರಲಿಲ್ಲ. ಬಿಸಿಲೇರಿದರೆ ಅದೂ ಹುಳಿಯಲು ಹತ್ತುತ್ತದೆ.

ಮೊದಲು ಇಳಿದ ರಸವನ್ನು ನೆಲದಲ್ಲಿ ಅರ್ಧ ಹುಗಿದ ಮಣ್ಣಿನ ಕೊಡಗಳಲ್ಲಿ ಎರಡು ಮೂರು ದಿನ ಬಿಡುತ್ತಾರೆ. ಹೊರಗಿನಿಂದ ಹುದುಗು ಹಾಕುವುದಿಲ್ಲ, ಸಕ್ಕರೆ ಹಾಕುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೂ ಗಾಳಿಯಲ್ಲೂ ಇರುವ ಕಣ್ಣಿಗೆ ಕಾಣದ ಜೀವಿಗಳೇ ಸಿಹಿಯನ್ನು ತಿಂದು ಮದ್ಯಸಾರವನ್ನಾಗಿ ಮಾಡುತ್ತವೆ. ಕೊಡದ ಬಾಯಿಗೆ ಕಿವಿಯಿಟ್ಟರೆ ಸಣ್ಣ ಮಳೆಯಂಥ ಸದ್ದು. ಆ ಸದ್ದು ನಿಂತಿತೆಂದರೆ ಕಾಯಿಸುವ ಹೊತ್ತು.

ಮುಂದಿನದು ಭಾಂಡ. ಹಿಂದೆ ಅದೂ ಮಣ್ಣಿನದೇ ಆಗಿತ್ತು, ಈಗ ತಾಮ್ರದ ಹಂಡೆ. ಹಂಡೆಯ ಬಾಯಿಯನ್ನು ಹುತ್ತದ ಮಣ್ಣು ಮೆತ್ತಿ ಮುಚ್ಚಿ, ಪಕ್ಕದಿಂದ ಒಂದು ಕೊಳವೆಯನ್ನು ನೀರಿನಲ್ಲಿ ಕೂರಿಸಿದ ಲಾವಣಿ ಎಂಬ ಪಾತ್ರೆಗೆ ಜೋಡಿಸುತ್ತಾರೆ. ಮದ್ಯಸಾರ ಸುಮಾರು 78 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು 100 ಡಿಗ್ರಿಯಲ್ಲಿ. ಭಟ್ಟಿಯ ವಿದ್ಯೆಯೆಲ್ಲ ಈ ಅಂತರದಲ್ಲಿದೆ. ಬೆಂಕಿ ಹೆಚ್ಚಾದರೆ ನೀರೂ ಹಬೆಯಾಗಿ ಬಂದು ಸರಕು ತೆಳ್ಳಗಾಗುತ್ತದೆ. ರಸ ತಳ ಹಿಡಿದರೆ ಸುಟ್ಟ ವಾಸನೆ ಇಡೀ ಹಂಡೆಯನ್ನು ಕೆಡಿಸುತ್ತದೆ. ಕಡಿಮೆಯಾದರೆ ಏನೂ ಬರುವುದಿಲ್ಲ. ಉಷ್ಣಮಾಪಕ ಇಲ್ಲ. ಹಿರಿಯ ಮಗ ಹಂಡೆಯ ಪಕ್ಕೆಗೆ ಅಂಗೈ ತೋರಿಸಿ, ಕೊಳವೆಯ ಸದ್ದು ಕೇಳಿ, ಒಂದು ಕೊಳ್ಳಿಯನ್ನು ಹೊರಕ್ಕೆಳೆದ. ಕಿರಿಯವನು ಲಾವಣಿಯ ಮೇಲೆ ತಣ್ಣೀರು ಹೊಯ್ಯುತ್ತಲೇ ಇದ್ದ. ಹಳ್ಳದ ಪಕ್ಕ ಭಟ್ಟಿ ಏಕೆ ಎಂಬುದಕ್ಕೆ ಅದೇ ಉತ್ತರ. ಹಳ್ಳ ಬತ್ತಿದ ವರ್ಷ ಭಟ್ಟಿಯೂ ಬೇಗ ಆರುತ್ತದೆ.

ಮೊದಲ ಸಲ ಇಳಿದದ್ದು ಉರಾಕ್. ನೂರಕ್ಕೆ ಸುಮಾರು 15ರಷ್ಟು ಮದ್ಯಸಾರ. ಅದು ಬೇಸಿಗೆ ಮುಗಿಯುವುದರೊಳಗೆ ಮುಗಿಯಬೇಕಾದ ಸರಕು, ಇಟ್ಟರೆ ಕೆಡುತ್ತದೆ. ಉರಾಕನ್ನು ಹುಳಿತ ರಸದೊಂದಿಗೆ ಬೆರೆಸಿ ಮತ್ತೆ ಕಾಯಿಸಿದರೆ ಫೆನಿ, 42ರ ಆಸುಪಾಸಿನದು. ಗಾಜಿನ ಲೋಟಕ್ಕೆ ಎತ್ತರದಿಂದ ಸುರಿದು, ಏಳುವ ಗುಳ್ಳೆಗಳ ಸಾಲನ್ನೂ ಅವು ನಿಲ್ಲುವ ಹೊತ್ತನ್ನೂ ನೋಡಿ ಬಲಾಬಲ ಹೇಳುತ್ತಾರೆ. ಸಂಸ್ಕೃತದ ಫೇನ, ಅಂದರೆ ನೊರೆ, ಎಂಬ ಮಾತಿಗೂ ಈ ಹೆಸರಿಗೂ ನಂಟು ಹೇಳುವುದುಂಟು. ಮುಚ್ಚಿಟ್ಟು ಬರೆಯುವುದು ಸರಿಯಲ್ಲವಾದ್ದರಿಂದ ತಿಳಿಸುತ್ತೇವೆ: ಇದನ್ನು ಬರೆಯುತ್ತಿರುವವರು ಒಂದು ಚಮಚೆಯಷ್ಟು ನಾಲಿಗೆಗೆ ಹಚ್ಚಿ ನೋಡಿದ್ದಾರೆ. ಗೇರುಹಣ್ಣಿನ ಘಾಟು, ಹಿಂದಿನಿಂದ ಒಂದು ಬಗೆಯ ಹೊಗೆ. ಮೆಚ್ಚಲು ಅಭ್ಯಾಸ ಬೇಕೇನೋ.

ಮರದ ಕಥೆಯೂ ಸೋಜಿಗದ್ದೇ. ಇಂದು ಗೋವೆಯ ಕುರುಹಾಗಿರುವ ಈ ಮರ ಗೋವೆಯದಲ್ಲ. ಬ್ರೆಜಿಲ್ ದೇಶದಿಂದ ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ತಂದದ್ದು. ಗುಡ್ಡದ ಮಣ್ಣು ಸವೆಯದಿರಲೆಂದು ನೆಟ್ಟರು ಎನ್ನುತ್ತಾರೆ. ಮಲೆಯಾಳದವರು ಇಂದಿಗೂ ಪರಂಗಿಮಾವು ಎಂದು ಕರೆದು ಆ ನೆನಪನ್ನು ಉಳಿಸಿಕೊಂಡಿದ್ದಾರೆ. ನಾವು ಮಾತ್ರ ನಮ್ಮ ಕಾಡಿನ ಹಳೆಯ ಗೇರಿನ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ, ಹೆಸರನ್ನೇ ಹೊಸಬನಿಗೂ ಕೊಟ್ಟುಬಿಟ್ಟೆವು. ಎರಡೂ ಒಂದೇ ಕುಟುಂಬದ ಮರಗಳು, ಎರಡರ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುತ್ತದೆ. ಹೆಸರಿಟ್ಟ ಹಿರಿಯರಿಗೆ ಸಸ್ಯಶಾಸ್ತ್ರದ ಪದವಿ ಇರಲಿಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಊಟದ ಹೊತ್ತಿಗೆ ಮಾತು ಭಟ್ಟಿ ಬಿಟ್ಟು ಬದುಕಿಗೆ ಬಂತು. ತಾಯಿಯ ಪತ್ರವನ್ನು ನಾವು ಜೊತೆಗೆ ಒಯ್ದಿದ್ದೆವು. ನಮ್ಮ ಹುಡುಗಿ ಅದನ್ನು ಕೊಂಕಣಿಯಲ್ಲಿ ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಸಿಟ್ಟಾಗಬಹುದೆಂಬ ಅಂಜಿಕೆ ನಮಗಿತ್ತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಬಾಯಿ ಹೇಳಿದ್ದು ಸುಳ್ಳಲ್ಲ ಮಗಾ. ನನ್ನ ಮೈದುನ ಇದನ್ನೇ ಕುಡಿದು ಹೋದ. ಈ ಚಪ್ಪರದ್ದನ್ನೇ. ಅವನಿಗೆ ಕೊಡಬೇಡಿ ಎಂದರೆ ಕೇಳುವವರಿರಲಿಲ್ಲ, ಮನೆಯದಲ್ಲವೆ’ ಎಂದಳು. ತನ್ನ ಗಂಡುಮಕ್ಕಳು ಕುಡಿಯುವುದಿಲ್ಲ ಎಂದು ಸೊಸೆಯ ಕಡೆ ನೋಡಿದಳು. ಸೊಸೆ ನಕ್ಕಳೇ ಹೊರತು ಹೌದೆನ್ನಲಿಲ್ಲ.

ಇಷ್ಟನ್ನು ಕೇಳಿದ ಮೇಲೆ ಸಣ್ಣ ಭಟ್ಟಿ ಎಂದರೆ ಸುಂದರ, ದೊಡ್ಡ ಕಾರ್ಖಾನೆ ಎಂದರೆ ಕೆಟ್ಟದ್ದು ಎಂದು ಸಲೀಸಾಗಿ ಬರೆದುಬಿಡಲು ನಮ್ಮಿಂದಾಗದು. ನಗರದ ಪತ್ರಿಕೆಗಳು ಈಗ ಇಂಥ ಮನೆಗಳ ಮೇಲೆ ಪುಟಗಟ್ಟಲೆ ಬರೆಯುತ್ತಿವೆ. ‘ಕ್ರಾಫ್ಟ್’ ಎಂಬ ಚೀಟಿ ಅಂಟಿಸಿದ ಬಾಟಲಿ ದೊಡ್ಡ ಊರುಗಳ ಹೋಟೆಲಿನ ದೀಪದ ಕೆಳಗೆ ಕುಳಿತಿದೆ. ಆ ಲೇಖನಗಳಲ್ಲಿ ಹುತ್ತದ ಮಣ್ಣೂ ಮಣ್ಣಿನ ಕೊಡವೂ ಬರುತ್ತವೆ, ಮೈದುನ ಬರುವುದಿಲ್ಲ. ಹಾಗೆಯೇ ಬೀಜ ಹಾಗೂ ಫೆನಿಗೆ ದಳ್ಳಾಳಿ ಕೊಡುವ ಬೆಲೆಯೂ ಬರುವುದಿಲ್ಲ.

ಆದರೂ ಅಜ್ಜಿಯ ಮನೆಯನ್ನು ಸಾರಾಯಿ ಅಂಗಡಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದೂ ನ್ಯಾಯವಲ್ಲ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1878ರ ಮುಂಬಯಿ ಅಬಕಾರಿ ಕಾಯಿದೆ ಬಂದ ಮೇಲೆ ಬಗನಿ ಮರಕ್ಕೆ ಏರುವವನು, ತೆಂಗಿನ ಕಳ್ಳು ಇಳಿಸುವವನು, ಊರ ಮೂಲೆಯಲ್ಲಿ ಭಟ್ಟಿ ಇಡುವವನು, ಎಲ್ಲರೂ ಸರಕಾರಕ್ಕೆ ತೆರಬೇಕಾಯಿತು ಇಲ್ಲವೆ ಕಳ್ಳರಾಗಬೇಕಾಯಿತು. ಭಟ್ಟಿ ದೊಡ್ಡವರ ಕೈಗೆ, ಮಾರಾಟ ಗುತ್ತಿಗೆದಾರನ ಕೈಗೆ ಹೋಯಿತು. ಕುಡಿತ ಕಡಿಮೆಯಾಗಲೆಂದು ಮಾಡಿದ ಏರ್ಪಾಡು ಇದಲ್ಲ, ವರಮಾನಕ್ಕಾಗಿ ಮಾಡಿದ್ದು. ಸ್ವಾತಂತ್ರ್ಯ ಬಂದ ಮೇಲೂ ಹರಾಜಿನ ಪದ್ಧತಿ ಉಳಿಯಿತು. ಹರಾಜಿನಲ್ಲಿ ಕೋಟಿ ಸುರಿದವನು ಹಳ್ಳಿಹಳ್ಳಿಗೆ ಪ್ಯಾಕೆಟ್ ಮುಟ್ಟಿಸದೆ ಬಿಡುತ್ತಾನೆಯೆ? ನಮ್ಮ ತಾಯಂದಿರು ಧರಣಿ ಕುಳಿತದ್ದು ಆ ಪ್ಯಾಕೆಟ್ಟಿನ ವಿರುದ್ಧ. ಆಂಧ್ರದ ನೆಲ್ಲೂರು ಜಿಲ್ಲೆಯ ಹೆಂಗಸರು 1992ರಲ್ಲಿ ಎದ್ದುನಿಂತಾಗ ನಮಗೂ ಧೈರ್ಯ ಬಂದಿತ್ತು.

ಮದ್ಯ ಮತ್ತು ಮರದ ನಂಟು ನಮ್ಮ ಚಳವಳಿಗಳಲ್ಲಿ ವಿಚಿತ್ರವಾಗಿ ತಿರುಗಿದೆ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಸೆರೆಮನೆಗೆ ಹೋದರು. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ಎರಡನ್ನೂ ನಾವು ಹೆಮ್ಮೆಯಿಂದ ಶಾಲೆಯ ಮಕ್ಕಳಿಗೆ ಹೇಳುತ್ತೇವೆ. ಎರಡರಲ್ಲೂ ಜಗಳ ಮರದೊಂದಿಗೆ ಇರಲಿಲ್ಲ. ಮರ ಯಾರ ಖಜಾನೆಗೆ ಎಂಬುದರ ಮೇಲಿತ್ತು.

ಕೊನೆಗೆ 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಂದು ಬಳಗದ ಕಚೇರಿಯಲ್ಲಿ ಸಿಹಿ ಹಂಚಿದ್ದೆವು. ಅದಾದ ವರ್ಷದೊಳಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು–ಕೋಲಾರ ಮತ್ತು ನೆರೆಯ ತಮಿಳುನಾಡಿನ ಗಡಿಯಲ್ಲಿ ವಿಷಮದ್ಯ ಕುಡಿದು ನೂರೈವತ್ತಕ್ಕೂ ಹೆಚ್ಚು ಬಡವರು ಸತ್ತರು. ಇತ್ತ ನಮ್ಮ ಹಳ್ಳಿಗಳಲ್ಲಿ ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಕಾಗದದ ಡಬ್ಬಿ ಬಂತು. ಗೂಡಂಗಡಿಯಲ್ಲಿ ಬೆಲ್ಲದ ಡಬ್ಬದ ಹಿಂದೆ ಅದನ್ನು ಇಟ್ಟಿರುವುದು ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ. ಅದು ಬಯಲುಸೀಮೆಯ ಕಬ್ಬಿನ ಕಾಕಂಬಿಯಿಂದ ಬಂದ ಮದ್ಯಸಾರಕ್ಕೆ ಬಣ್ಣ, ವಾಸನೆ ಬೆರೆಸಿದ್ದು. ಇನ್ನೊಂದು ಮಾತು. ಸಾರಾಯಿ ನಿಷೇಧಿಸಿದ ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಹೊರಬಿತ್ತು. ದ್ರಾಕ್ಷಿಯ ಮದ್ಯ ಕೃಷಿಗೆ ಪ್ರೋತ್ಸಾಹ, ಬಡವನ ಮದ್ಯ ಅಪರಾಧ. ನಾವು ಎರಡರ ಪರವೂ ಅಲ್ಲ, ಆದರೆ ಈ ತಾರತಮ್ಯ ಕಣ್ಣಿಗೆ ಬೀಳದೆ ಹೋಗುವಂಥದ್ದಲ್ಲ.

ಗೋವೆಯ ಹಾದಿ ಬೇರೆ. ಅಲ್ಲಿ ಗೇರುಪ್ರದೇಶವನ್ನು ವಲಯಗಳಾಗಿ ಮಾಡಿ, ಭಟ್ಟಿ ಇಳಿಸುವ ಹಕ್ಕನ್ನು ಅಬಕಾರಿ ಇಲಾಖೆ ಹರಾಜಿಗೆ ಇಡುತ್ತ ಬಂದಿದೆ. ಅಂದರೆ ಹರಾಜು ಅಲ್ಲಿಯೂ ಇದೆ, ಆದರೆ ಕಾಯಿಸುವ ಕೈ ಹೆಚ್ಚಾಗಿ ಊರಿನದೇ ಆಗಿ ಉಳಿದಿದೆ. 2009ರಲ್ಲಿ ಗೋವೆಯ ಗೇರು ಫೆನಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2016ರಲ್ಲಿ ಅಲ್ಲಿನ ಸರಕಾರ ಫೆನಿಯನ್ನು ಪಾರಂಪರಿಕ ಪಾನೀಯವೆಂದು ಸಾರಿತು, 2021ರಲ್ಲಿ ಫೆನಿ ನೀತಿಯೊಂದನ್ನು ತಂದಿತು. ಇದರಿಂದ ಏನು ದಕ್ಕಿತು ಎಂದು ಕೇಳಿದೆವು. ಹಿರಿಯ ಮಗ ಭುಜ ಕುಣಿಸಿ, ‘ಪೇಟೆಯವರು ಈಗ ಫೋಟೋ ತೆಗೆಯಲು ಬರುತ್ತಾರೆ’ ಎಂದ. ಇದು ನಮಗೆ ಹೊಸತಲ್ಲ. ನಮ್ಮ ಅಪ್ಪೆಮಿಡಿಗೂ ಶಿರಸಿ ಅಡಿಕೆಗೂ ಅದೇ ಮಾನ್ಯತೆ ಇದೆ. ಮಾನ್ಯತೆಯ ಪತ್ರ ಗೋಡೆಯಲ್ಲಿದ್ದರೂ ಹೊಳೆದಂಡೆಯ ಅಪ್ಪೆಮರದ ಕೊಂಬೆಯನ್ನು ಮಿಡಿಯ ಸಮೇತ ಕಡಿದು ಕೆಡವುವುದು ನಿಂತಿಲ್ಲ. ಹೆಸರಿಗೆ ರಕ್ಷಣೆ ಸಿಕ್ಕರೆ ಮರಕ್ಕೆ ಸಿಕ್ಕಂತಾಗಲಿಲ್ಲ.

ಸತ್ತರಿಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಕಾಡಿನ ಪ್ರಶ್ನೆ. ಅಜ್ಜಿಯ ತೋಟದಿಂದ ಮೇಲಕ್ಕೆ ನೋಡಿದರೆ ಮಹದಾಯಿ ಅಭಯಾರಣ್ಯದ ಗುಡ್ಡಗಳು. 1999ರಲ್ಲಿ ಘೋಷಣೆಯಾದ, ಸುಮಾರು 208 ಚದರ ಕಿಲೋಮೀಟರಿನ ಕಾಡು. ಗೇರು ಬೇಲಿಯ ಈಚೆಗೆ ನಿಲ್ಲುವ ಮರವಲ್ಲ. ಬೀಜಕ್ಕೂ ಹಣ್ಣಿಗೂ ಬೆಲೆ ಬಂದಂತೆ ಅದು ಗುಡ್ಡ ಹತ್ತುತ್ತದೆ. ಉದುರಿದ ಹಣ್ಣು ಕಾಣಬೇಕಾದರೆ ಅಡಿಯ ದರಕು ತೆಗೆಯಬೇಕು. ಗುಡಿಸಿ ತೆಗೆಯಲು ಆಳು ಬೇಕು, ಕಡ್ಡಿ ಗೀರಲು ಬೇಡ. 2023ರ ಮಾರ್ಚ್ ತಿಂಗಳಲ್ಲಿ ಮಹದಾಯಿಯ ಕಾಡು ದಿನಗಟ್ಟಲೆ ಉರಿಯಿತು. ನಂದಿಸಲು ಹೆಲಿಕಾಪ್ಟರುಗಳು ಬರಬೇಕಾಯಿತು. ಬೆಂಕಿ ಹೇಗೆ ಬಿತ್ತೆಂಬುದಕ್ಕೆ ಅನೇಕ ಮಾತುಗಳು ಬಂದವು. ಗೇರುತೋಟದ ಕಸ ಸುಡುವ ರೂಢಿಯ ಹೆಸರೂ ಅವುಗಳಲ್ಲಿತ್ತು. ಕಿರಿಯ ಮಗ ಇದನ್ನು ತಳ್ಳಿಹಾಕಲಿಲ್ಲ. ‘ನಮ್ಮವರೂ ಇರಬಹುದು. ಎಲ್ಲರೂ ನಾವೇ ಎನ್ನುವುದು ತಪ್ಪು’ ಎಂದ. ಆತನ ಮಾತಿನಲ್ಲಿ ಇನ್ನೊಂದು ಭಯವೂ ಇತ್ತು. ಅದೇ ವರ್ಷ ಜುಲೈ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠ ಮಹದಾಯಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲು ಆದೇಶಿಸಿತು, ಸರಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತಲೆಮಾರುಗಳಿಂದ ಆಯುತ್ತ ಬಂದ ಗೇರುಗುಡ್ಡದ ಕಾಗದ ಆ ಮನೆಯವರ ಹೆಸರಿನಲ್ಲಿ ಇಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿ ಎಲ್ಲಿದೆಯೆಂದು ಅವರಿಗೆ ತಿಳಿಯದು. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಇದೇ ಮಾತು ಕೇಳಿಲ್ಲ! ಹುಲಿಯ ಪರ ನಾವು ಹಿಂದೆಯೂ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಸುತ್ತಲ ತಾಲೂಕುಗಳಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನೇ ಅಗೆದು ಹಡಗಿಗೆ ತುಂಬಿದ್ದು, ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಆ ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಬೇಕಾಗಿ ಬಂದದ್ದು, ಇವನ್ನೆಲ್ಲ ಮರೆತು ಗೇರು ಆಯುವವಳನ್ನು ಮಾತ್ರ ಕಾಡಿನ ಶತ್ರುವೆನ್ನುವುದು ಸಾಧ್ಯವಿಲ್ಲ.

ಸೌದೆಯ ಮಾತನ್ನೂ ಬಿಡುವಂತಿಲ್ಲ. ಎರಡು ಸಲ ಕಾಯಿಸುವ ಸರಕಿಗೆ ಎರಡು ಸಲ ಉರಿ ಬೇಕು. ಸವರಿದ ಗೇರುಕೊಂಬೆ, ತೆಂಗಿನ ಸಿಪ್ಪೆ, ಒಣಮರ ಸಾಕಾಗುತ್ತದೆ ಎಂದರು. ಚಪ್ಪರದ ಹಿಂದೆ ಪೇರಿಸಿದ್ದರಲ್ಲಿ ಮತ್ತಿಯ ದಿಮ್ಮಿಗಳೂ ಇದ್ದವು. ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಳೆಗಾಲದಲ್ಲಿ ಉಪ್ಪಾಗೆ ಸಿಪ್ಪೆ ಒಣಗಿಸಲು ನಮ್ಮ ಕಾನುಗಳಲ್ಲಿ ಉರಿಯುವ ಸೌದೆಯನ್ನು ನೆನೆದುಕೊಂಡರೆ ಕೇಳುವ ಬಾಯಿ ನಮಗೆಲ್ಲಿದೆ?

ಇನ್ನು ನಮ್ಮ ಕಡೆಯ ಗೇರಿನ ಕಥೆ. 1978ರಲ್ಲಿ ಹುಟ್ಟಿದ ಗೇರು ಅಭಿವೃದ್ಧಿ ನಿಗಮದ ನೆಡುತೋಪುಗಳು ಕರಾವಳಿ ಮತ್ತು ಘಟ್ಟದ ತಪ್ಪಲಿನಲ್ಲಿ ಹರಡಿವೆ. ಟೀ ಸೊಳ್ಳೆ ಎಂಬ ಕೀಟಕ್ಕಾಗಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಕಾಸರಗೋಡಿನ ಪಡ್ರೆಯಲ್ಲಿ ಮಾತ್ರವಲ್ಲ, ಬೆಳ್ತಂಗಡಿಯ ಕೊಕ್ಕಡದ ಸುತ್ತಲೂ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಆ ವಿಷವನ್ನು ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಬೀಜವೊಂದನ್ನೇ ಎಣಿಸುವ, ಹಣ್ಣನ್ನು ನೋಡದ ಬೇಸಾಯಕ್ಕೆ ಮೇಲಿನಿಂದ ವಿಷ ಸುರಿಯುವುದು ಸುಲಭ. ಅಜ್ಜಿಯನ್ನು ಸಿಂಪಡಣೆಯ ಬಗ್ಗೆ ಕೇಳಿದಾಗ ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ರಸ ಹುಳಿಯುವುದು ಬೇಡವೆ? ವಿಷ ಹಾಕಿದರೆ ಅದು ಹೇಗೆ ಹುಳಿಯುತ್ತದೆ?’ ಎಂದಳು. ಇದು ವಿಜ್ಞಾನದ ಮಾತಾಗಿ ಎಷ್ಟು ನಿಲ್ಲುತ್ತದೋ ತಿಳಿಯದು. ಆದರೆ ಹಣ್ಣನ್ನು ಬಾಯಿಗಿಡುವ ಮನೆಯವರು ಮರವನ್ನು ನೋಡುವ ಕಣ್ಣೇ ಬೇರೆ ಎಂಬುದು ಅಲ್ಲಿ ಕಂಡಿತು.

ಪತ್ರ ಬರೆದ ತಾಯಿಗೆ ನಮ್ಮ ನಿಲುವು ಇದು. ಮಲೆನಾಡಿನಲ್ಲಿ ಗೇರುಭಟ್ಟಿಗೆ ಪರವಾನಿಗೆ ಕೊಡಬೇಕೆಂಬ ಬೇಡಿಕೆ ಬಳಗದ ಕೆಲವು ತರುಣರಿಂದ ಬಂದಿದೆ. ಸಂಪಾದಕರು ಅದನ್ನು ಒಪ್ಪುವುದಿಲ್ಲ. ಇಂದಿನ ಅಬಕಾರಿ ವ್ಯವಸ್ಥೆಯಲ್ಲಿ ಆ ಹಕ್ಕು ಮೊದಲ ವರ್ಷ ಊರವನ ಕೈಯಲ್ಲಿದ್ದರೆ ಮೂರನೆಯ ವರ್ಷ ಗುತ್ತಿಗೆದಾರನ ಕೈಯಲ್ಲಿರುತ್ತದೆ. ಮತ್ತು ಮೈದುನರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಆದರೆ ಹಣ್ಣನ್ನು ಕೊಳೆಯಲು ಬಿಡುವುದನ್ನು ಪುಣ್ಯವೆಂದು ಹೇಳಲೂ ನಾವು ಸಿದ್ಧರಿಲ್ಲ. ನೀರೊ, ಪಾನಕ, ಹುಳಿರಸ, ಉಪ್ಪಿನಕಾಯಿ, ಹಿಂಡಿದ ಚರಟದಿಂದ ಗೊಬ್ಬರ, ಇಷ್ಟಕ್ಕೆ ಭಟ್ಟಿ ಬೇಡ. ಒಗರು ತೆಗೆಯಲು ಗಂಜಿ ಬೆರೆಸಿ ತಿಳಿಯಾಗಿಸುವ ಕ್ರಮ ಸರಳವಾದದ್ದು. ಪುತ್ತೂರಿನ ಗೇರು ಸಂಶೋಧನಾ ಕೇಂದ್ರ ನಮಗೆ ಒಂದು ದಿನದ ದಾರಿ. ಸತ್ತರಿಯ ಮನೆಯಿಂದ ನಾವು ಕಲಿಯಬೇಕಾದದ್ದು ಕಾಯಿಸುವುದನ್ನಲ್ಲ. ಉದುರಿದ್ದನ್ನಷ್ಟೇ ಆಯುವುದನ್ನು, ಆ ದಿನದ್ದನ್ನು ಆ ದಿನವೇ ಮುಗಿಸುವುದನ್ನು. ಮತ್ತು ಕಲಿಯಬಾರದ್ದು ದರಕಿಗೆ ಬೆಂಕಿ ಇಡುವುದನ್ನು. ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಅದು ಈಗಾಗಲೇ ಸಾಕಷ್ಟಿದೆ.

ಹೊರಡುವಾಗ ಅಜ್ಜಿ ಒಂದು ಸೀಸೆಯಲ್ಲಿ ಫೆನಿ ತಂದು ನಮ್ಮ ಕೈಗಿಟ್ಟಳು. ಕುಡಿಯಲು ಅಲ್ಲ, ಶೀತಕ್ಕೆ ಎದೆಗೆ ತಿಕ್ಕಿಕೊಳ್ಳಲು, ಆ ಪತ್ರದ ಬಾಯಿಗೆ ಎಂದಳು. ಗಡಿ ದಾಟಿಸಲು ಕಾನೂನು ಬಿಡುವುದಿಲ್ಲವೆಂದು ವಿವರಿಸಿ ಹಿಂದಿರುಗಿಸಿದೆವು. ಆಕೆ ಬೇಸರಪಟ್ಟುಕೊಂಡು ಒಳಗೆ ಹೋಗಿ, ಹುರಿದ ಬೀಜದ ಪೊಟ್ಟಣವೊಂದನ್ನು ತಂದಳು. ಅದು ಕಚೇರಿಯಲ್ಲಿದೆ. ತಾಯಿ ಮುಂದಿನ ಸಭೆಗೆ ಬಂದರೆ ಕೈಗೆ ತಲುಪಿಸುತ್ತೇವೆ. ಬಾರದಿದ್ದರೆ ನಾವೇ ಮನೆಗೆ ಹೋಗುತ್ತೇವೆ.

ಸಭೆ ಬರುವ ಎರಡನೆಯ ಭಾನುವಾರ, ಬೆಳಿಗ್ಗೆ 10 ಗಂಟೆಗೆ, ಎಂದಿನ ಶಾಲೆಯ ಜಗಲಿಯಲ್ಲಿ. ಪ್ರವಾಸಕ್ಕೆ ಬಂದಿದ್ದ ಹನ್ನೆರಡು ವಿದ್ಯಾರ್ಥಿಗಳು ತಮ್ಮತಮ್ಮ ಊರಿನ ಹತ್ತು ಗೇರುಮರಗಳ ಅಡಿಯಲ್ಲಿ ವಾರವಿಡೀ ಬಿದ್ದ ಹಣ್ಣನ್ನು ತೂಗಿ ಬರೆದುಕೊಂಡು ಬರುತ್ತಾರೆ. ತಕ್ಕಡಿ ಇಲ್ಲದವರು ಸಹಕಾರಿ ಸಂಘದಲ್ಲಿ ಕೇಳಿ ಪಡೆಯಬಹುದು.